ಒಂದು ಮಿಲಿಮೀಟರಿನ ಆಚೆ ಈಚೆ

ಡೊಂಬಿವಲಿ ಪೂರ್ವದ ಫಡ್ಕೆ ರೋಡ್, ಥಾಣೆಯ ನೌಪಾಡಾ, ಕಲ್ಯಾಣ್ ಪಶ್ಚಿಮ, ವಾಶಿಯ ಸೆಕ್ಟರುಗಳು: ಎಲ್ಲಿ ನಿಂತು ತಲೆ ಎತ್ತಿದರೂ ದಂತ ಚಿಕಿತ್ಸಾಲಯದ ಒಂದು ಬೋರ್ಡಾದರೂ ಕಣ್ಣಿಗೆ ಬೀಳುತ್ತದೆ. ಇಂಪ್ಲಾಂಟ್, ಕ್ಯಾಪ್, ಅಲೈನರ್, ರೂಟ್ ಕೆನಾಲ್ ಎಂದು ಸಾಲಾಗಿ ಬರೆದಿರುತ್ತಾರೆ. ಎಲ್ಲವೂ ಹಲ್ಲಿನ ಮಾತೇ. ಅದೇ ಇಂಪ್ಲಾಂಟು, ಅದೇ ಕ್ಯಾಪು, ಅದೇ ವೈದ್ಯರ ಕೈ. ಆದರೂ ಒಬ್ಬರ ಬಾಯಲ್ಲಿ ಹತ್ತು ವರ್ಷ ಕಳೆದ ಮೇಲೂ ನಿನ್ನೆ ಮಾಡಿಸಿದಂತೆ ಕಾಣುವ ಕೆಲಸ ಇನ್ನೊಬ್ಬರ ಬಾಯಲ್ಲಿ ಎರಡೇ ವರ್ಷಕ್ಕೆ ಬುಡ ತೋರಿಸುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ರೋಗಿಗೆ ಯಾರೂ ಹೇಳದೆ ಬಿಡುವ ಕಾರಣ ಒಂದಿದೆ: ಹಲ್ಲಿನ ಸುತ್ತ ಇರುವ ವಸಡಿನ ದಪ್ಪ. ಈ ದಪ್ಪದ ಬಗ್ಗೆ ಅರ್ಧ ಶತಮಾನದಿಂದ ಏನೇನು ಗೊತ್ತಾಗಿದೆ, ಅದರಲ್ಲಿ ಎಷ್ಟನ್ನು ನಂಬಬಹುದು, ನಮ್ಮ ಈ ಕಡೆಯ ರೋಗಿಗಳಿಗೆ ಅದರಿಂದ ಏನು ಪ್ರಯೋಜನ ಎಂದು ನೋಡುವ ಪ್ರಯತ್ನ ಇದು.

ದಪ್ಪ ಎಂದರೆ ಇಲ್ಲಿ ತುಟಿಯ ಕಡೆಯಿಂದ ಹಲ್ಲಿನ ಕಡೆಗೆ ಅಳೆಯುವ ಅಳತೆ. ಪ್ರಪಂಚದ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2014ರ ಒಂದು ಪರಾಮರ್ಶೆಯಲ್ಲಿ ಸರಾಸರಿಗಳು 0.63 ಮಿ.ಮೀ.ಯಿಂದ 1.79 ಮಿ.ಮೀ.ವರೆಗೆ ಇದ್ದವು. ಅತಿ ತೆಳುವಿಗೂ ಅತಿ ದಪ್ಪಕ್ಕೂ ನಡುವಿನ ಅಂತರ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಆ ಒಂದು ಮಿಲಿಮೀಟರಿನಲ್ಲೇ ರಕ್ತನಾಳಗಳೂ ನಾರಿನಂಥ ಕೊಲಾಜನ್ ಹೆಣಿಗೆಯೂ ಇರುವುದು. ತೆಳು ವಸಡಿನಲ್ಲಿ ರಕ್ತ ಸಂಚಾರಕ್ಕೆ ಜಾಗ ಕಡಿಮೆ. ಅದರ ಕೆಳಗಿನ ಮೂಳೆಯೂ ಸಾಮಾನ್ಯವಾಗಿ ತೆಳು. ಕೆಲವೆಡೆ ಬೇರಿನ ಹೊರಮೈ ಮೇಲೆ ಮೂಳೆಯೇ ಇರುವುದಿಲ್ಲ. ಹೀಗಾಗಿ ಬ್ರಷ್ಷಿನ ಉಜ್ಜಾಟವಾಗಲಿ, ಕೊಳೆಯಿಂದಾದ ಉರಿಯೂತವಾಗಲಿ, ವೈದ್ಯರ ಚಾಕುವಾಗಲಿ ತಗುಲಿದಾಗ ತೆಳು ವಸಡು ಹಿಂದೆ ಸರಿದು ಬೇರನ್ನು ಬಯಲು ಮಾಡುತ್ತದೆ. ದಪ್ಪ ವಸಡು ಹಾಗೆ ಸರಿಯುವುದಿಲ್ಲ. ಅದು ಊದಿಕೊಳ್ಳುತ್ತದೆ, ಹಲ್ಲಿಗೂ ವಸಡಿಗೂ ನಡುವೆ ಆಳವಾದ ಸಂದು ಬೀಳುತ್ತದೆ, ಒಳಗೆ ಮೂಳೆ ಸವೆಯುತ್ತಿದ್ದರೂ ಹೊರಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ತೆಳು ಎಂದರೆ ಕೆಟ್ಟದ್ದು, ದಪ್ಪ ಎಂದರೆ ಒಳ್ಳೆಯದು ಎಂದು ಹೇಳುವಂತಿಲ್ಲ. ಎರಡೂ ಹುಟ್ಟಿನಿಂದ ಬಂದ ಗುಣಗಳು, ಯಾವುದೂ ರೋಗವಲ್ಲ.

ಈ ವಿಂಗಡಣೆ ಹೊಸದೇನಲ್ಲ. 1969ರಲ್ಲಿ ಅಮೆರಿಕದ ಓಕ್ಸೆನ್‌ಬೈನ್ ಮತ್ತು ರಾಸ್ ವಸಡಿನಲ್ಲಿ ಎರಡು ಬಗೆ ಗುರುತಿಸಿದರು: ತೆಳುವಾಗಿ ಹಲ್ಲಿನ ಬುಡದಲ್ಲಿ ಆಳವಾಗಿ ಬಾಗಿರುವುದು ಒಂದು, ದಪ್ಪವಾಗಿ ಚಪ್ಪಟೆಯಾಗಿರುವುದು ಇನ್ನೊಂದು. 1989ರಲ್ಲಿ ಸೈಬರ್ಟ್ ಮತ್ತು ಲಿಂಧೆ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು. 1991ರಲ್ಲಿ ಸ್ವೀಡನ್ನಿನ ಓಲ್ಸನ್ ಮತ್ತು ಲಿಂಧೆ ಮುಂಬಲ್ಲಿನ ಆಕಾರಕ್ಕೂ ವಸಡಿಗೂ ಸಂಬಂಧ ಕಂಡರು. ಉದ್ದುದ್ದ ಕಿರಿದಾದ ಹಲ್ಲಿನವರಲ್ಲಿ ವಸಡು ಹಿಂದೆ ಸರಿದಿರುವುದು ಹೆಚ್ಚು. ಕೊನೆಗೆ 2017ರ ನವೆಂಬರಿನಲ್ಲಿ ಷಿಕಾಗೋದಲ್ಲಿ ಅಮೆರಿಕ ಮತ್ತು ಯುರೋಪಿನ ವಸಡು ತಜ್ಞರ ಸಂಸ್ಥೆಗಳು ಒಟ್ಟಿಗೆ ಕೂತು ಗೆರೆ ಎಳೆದವು: ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೆಳು, ಹೆಚ್ಚಿದ್ದರೆ ದಪ್ಪ.

ಅಳೆಯುವುದು ಹೇಗೆ? ಕಣ್ಣಂದಾಜು ಸಾಲದು. ಬೆಲ್ಜಿಯಂನ ಗೆಂಟ್‌ನಲ್ಲಿ 100 ಜನರ ಬಾಯಿಯ ಫೋಟೋಗಳನ್ನು ದಂತವೈದ್ಯರಿಗೆ ತೋರಿಸಿ ಕೇಳಿದಾಗ ಅನುಭವಿಗಳೂ ಹೊಸಬರೂ ಒಂದೇ ಸಮನಾಗಿ, ಹೆಚ್ಚುಕಡಿಮೆ ಅರ್ಧದಷ್ಟು ಸಲ ತಪ್ಪು ಹೇಳಿದರು. ಅತ್ಯಂತ ಎಚ್ಚರ ಬೇಕಾದ ತೆಳು ವಸಡಿನವರಲ್ಲೇ ಸುಮಾರು ಅರ್ಧದಷ್ಟು ಜನ ವೈದ್ಯರ ಕಣ್ಣು ತಪ್ಪಿಸಿಕೊಂಡರು. ಅದೇ ತಂಡ 2009ರಲ್ಲಿ ಸರಳ ಉಪಾಯವೊಂದನ್ನು ಪರೀಕ್ಷಿಸಿತು. ವಸಡಿನ ಸಂದಿನ ಆಳ ನೋಡಲು ಪ್ರತಿ ದಂತವೈದ್ಯರ ಟ್ರೇಯಲ್ಲೂ ಇರುವ ಪ್ರೋಬನ್ನು ವಸಡಿನ ಅಂಚಿನೊಳಗೆ ಮೆಲ್ಲನೆ ಇಳಿಸಬೇಕು. ತೆಳು ಅಂಗಿಯ ಜೇಬಿನೊಳಗಿನ ನೋಟು ಹೊರಗೆ ಕಾಣುವ ಹಾಗೆ ಕಡ್ಡಿ ವಸಡಿನ ಮೂಲಕ ಕಂಡರೆ ತೆಳು, ಕಾಣದಿದ್ದರೆ ದಪ್ಪ. ಆ 100 ಜನರಲ್ಲಿ ಸುಮಾರು ಮೂರನೇ ಒಂದು ಭಾಗದವರದು ತೆಳು ವಸಡು, ಅವರಲ್ಲಿ ಹೆಚ್ಚಿನವರು ಹೆಂಗಸರು. ಇದಕ್ಕೆ ಯಂತ್ರ ಬೇಡ, ಎಕ್ಸ್‌ರೇ ಬೇಡ, ನೋವಿಲ್ಲ, ಒಂದು ನಿಮಿಷವೂ ಹಿಡಿಯುವುದಿಲ್ಲ. ಇನ್ನೂ ನಿಖರವಾಗಿ ಬೇಕೆಂದರೆ ಮರಗಟ್ಟಿಸಿ ಸೂಜಿಯಿಂದ ಚುಚ್ಚಿ ಅಳೆಯಬಹುದು, ಅಲ್ಟ್ರಾಸೌಂಡ್ ಹಿಡಿಯಬಹುದು, ಬೇರೆ ಕಾರಣಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸುವಾಗ ತುಟಿಯನ್ನು ಬದಿಗೆ ಸರಿಸಿ ತೆಗೆದರೆ ಅದರಲ್ಲೇ ನೋಡಬಹುದು.

ನಮ್ಮವರ ಬಾಯಿಯ ಅಳತೆಯೂ ನಮ್ಮ ನಾಡಿನಲ್ಲೇ ಆಗಿದೆ. ದಾವಣಗೆರೆಯ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್‌ನಲ್ಲಿ ಕೆ.ಎಲ್. ವಂದನಾ ಮತ್ತು ಬಿ. ಸವಿತಾ ಅವರು 16ರಿಂದ 38 ವರ್ಷದೊಳಗಿನ 32 ಜನರ, 16 ಗಂಡಸರು 16 ಹೆಂಗಸರ, ವಸಡಿನ ದಪ್ಪ ಅಳೆದು 2005ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಿರಿಯರಲ್ಲಿ ವಸಡು ಹೆಚ್ಚು ದಪ್ಪ. ಹೆಂಗಸರಲ್ಲಿ ಗಂಡಸರಿಗಿಂತ ತೆಳು. ಕೆಳದವಡೆಯಲ್ಲಿ ಮೇಲ್ದವಡೆಗಿಂತ ತೆಳು. ಅಲ್ಟ್ರಾಸೌಂಡ್ ಮತ್ತು ಚುಚ್ಚಿ ಅಳೆಯುವ ವಿಧಾನಗಳನ್ನು ಹೋಲಿಸಿ ನೋಡುವ ಕೆಲಸವನ್ನೂ ಅವರೇ ಮಾಡಿದರು. 32 ಎನ್ನುವುದು ಸಣ್ಣ ಸಂಖ್ಯೆ, ನಿಜ. ಆದರೆ ವಸಡಿನ ದಪ್ಪದ ಬಗ್ಗೆ ಹೊರದೇಶಗಳಲ್ಲಿ ಬರೆಯುವವರು ವಯಸ್ಸು, ಲಿಂಗದ ಪ್ರಶ್ನೆ ಬಂದಾಗ ಇವತ್ತಿಗೂ ದಾವಣಗೆರೆಯ ಆ ಲೇಖನದ ಕಡೆ ಬೆರಳು ತೋರಿಸುತ್ತಾರೆ. ನನಗೆ ಇದು ಹೆಮ್ಮೆಯ ವಿಷಯ.

ಪ್ರೋಬಿನ ಪರೀಕ್ಷೆಯನ್ನು ನಮ್ಮಲ್ಲಿ ಮಾಡುವಾಗ ಗಮನಿಸಬೇಕಾದದ್ದು ಒಂದಿದೆ. ನಮ್ಮಲ್ಲಿ ಬಹಳ ಜನರ ವಸಡಿನಲ್ಲಿ ಕಪ್ಪು ಬಣ್ಣ ಸಹಜ. ಆ ಬಣ್ಣದ ಹಿಂದೆ ಕಡ್ಡಿ ಕಾಣದೆ, ತೆಳು ವಸಡನ್ನೇ ದಪ್ಪ ಎಂದು ಬರೆದುಕೊಳ್ಳುವ ಅಪಾಯವಿದೆ. ಅನುಮಾನ ಬಂದಲ್ಲಿ ಸೂಜಿಯ ಅಳತೆಯೇ ದಾರಿ. ಮಹಾರಾಷ್ಟ್ರದಲ್ಲಿ ಇನ್ನೊಂದು ಸಮಸ್ಯೆಯೂ ಉಂಟು: ಮಶೇರಿ. ತಂಬಾಕನ್ನು ಕಾವಲಿಯ ಮೇಲೆ ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿ ಅದರಲ್ಲೇ ಹಲ್ಲುಜ್ಜುವ ಅಭ್ಯಾಸ ಹಳ್ಳಿಗಳಿಂದ ಕಲ್ಯಾಣ್, ಡೊಂಬಿವಲಿಯ ಚಾಳುಗಳವರೆಗೂ ಬಂದಿದೆ, ಹೆಂಗಸರಲ್ಲಿ ವಿಶೇಷವಾಗಿ. ಗುಟ್ಕಾ 2012ರಲ್ಲೇ ಇಲ್ಲಿ ನಿಷೇಧವಾಯಿತು. ಆದರೆ ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕನ್ನು ಕೆಳತುಟಿಯ ಒಳಗೆ ಇಟ್ಟುಕೊಳ್ಳುವುದು ನಿಂತಿಲ್ಲ. ದಾವಣಗೆರೆಯ ಅಳತೆಯ ಪ್ರಕಾರ ವಸಡು ತೆಳುವಾಗಿರುವ ಜಾಗವೂ ಕೆಳದವಡೆಯೇ. ಹುಟ್ಟಿನಿಂದಲೇ ತೆಳುವಾದ ಕಡೆ ತಂಬಾಕನ್ನು ತಾಸುಗಟ್ಟಲೆ ಒತ್ತಿ ಇಟ್ಟರೆ ಅಲ್ಲಿನ ವಸಡು ಸರಿದು ಬೇರು ಕಾಣುವುದು ಆಶ್ಚರ್ಯವಲ್ಲ.

ಇನ್ನು ಒಂದೊಂದೇ ಚಿಕಿತ್ಸೆ. ಮೊದಲು ಕ್ಲೀನಿಂಗ್. "ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಉದ್ದ ಆಯ್ತು, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ" ಎಂಬ ದೂರು ಎಲ್ಲರ ಮನೆಯಲ್ಲೂ ಕೇಳಿದ್ದೇವೆ. ಬಾವು ಇಳಿದಾಗ ವಸಡು ಸ್ವಲ್ಪ ಕುಗ್ಗುವುದು ಗುಣವಾಗುವ ಲಕ್ಷಣವೇ. ಕ್ಲೀನಿಂಗ್ ಬಿಟ್ಟರೆ ಆಗುವ ನಷ್ಟ ಇದಕ್ಕಿಂತ ಬಹಳ ದೊಡ್ಡದು. ಆದರೆ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಐರ್ಲೆಂಡಿನ ಕ್ಲಾಫೀ ಮತ್ತು ಶಾನ್ಲಿ 1986ರಲ್ಲಿ ತೋರಿಸಿದಂತೆ, ರಕ್ತ ಬಾರದ, ಸಂದು ಆಳವಿಲ್ಲದ ಕಡೆಗಳಲ್ಲಿ ವಸಡು ಒಂದೂವರೆ ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬೇರಿನ ಕೆರೆತದಿಂದ ಹಲ್ಲಿನ ಮೇಲಿನ ವಸಡಿನ ಹಿಡಿತ ಸ್ವಲ್ಪ ಕಳೆದುಹೋಗುತ್ತದೆ. ತೆಳು ವಸಡಿನಲ್ಲಿ ಆರೋಗ್ಯವಾಗಿರುವ ಕಡೆ ಸುಮ್ಮನೆ ಉಪಕರಣ ಆಡಿಸಬಾರದು ಎಂಬುದು ಇದರಿಂದ ತಿಳಿಯುವ ಪಾಠ.

ಬಯಲಾದ ಬೇರನ್ನು ಮುಚ್ಚುವ ಶಸ್ತ್ರಚಿಕಿತ್ಸೆಯಲ್ಲಿ ದಪ್ಪದ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟವಾಗಿದೆ. ವಸಡನ್ನು ಬಿಡಿಸಿ ಮೇಲಕ್ಕೆ ಎಳೆದು ಹೊಲಿಯುವ ವಿಧಾನದಲ್ಲಿ, ಬಿಡಿಸಿದ ಪದರ 0.8 ಮಿ.ಮೀ.ಗಿಂತ ದಪ್ಪವಿದ್ದ ಕಡೆಗಳಲ್ಲೆಲ್ಲ ಬೇರು ಪೂರ್ತಿ ಮುಚ್ಚಿತು ಎಂದು ಇಟಲಿಯ ಬಾಲ್ಡಿ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದರು. ಬೇರಿನ ಮೇಲೆ ರಕ್ತನಾಳಗಳಿಲ್ಲ. ಅದನ್ನು ಮುಚ್ಚುವ ಪದರ ತನ್ನ ರಕ್ತವನ್ನು ತಾನೇ ತಂದುಕೊಳ್ಳಬೇಕು. ತೆಳು ಪದರಕ್ಕೆ ಆ ಶಕ್ತಿ ಸಾಲದು. ತೆಳುವಾಗಿದ್ದವರಿಗೆ ಉಪಾಯ ಆಗಲೇ ಸಿಕ್ಕಿತ್ತು: 1985ರಲ್ಲಿ ಲ್ಯಾಂಗರ್ ದಂಪತಿ ಅಂಗುಳಿನ ಚರ್ಮದ ಕೆಳಗಿನ ಪದರವನ್ನು ತೆಗೆದು ವಸಡಿನ ಕೆಳಗೆ ಕಸಿ ಮಾಡುವ ವಿಧಾನ ವಿವರಿಸಿದ್ದರು. ಬೇರು ಮುಚ್ಚುವುದರ ಜತೆಗೆ ವಸಡನ್ನು ದಪ್ಪ ಮಾಡುವುದರಲ್ಲೂ ಇವತ್ತಿಗೂ ಇದನ್ನು ಮೀರಿಸಿದ್ದಿಲ್ಲ. ರೋಗಿಯದೇ ರಕ್ತದಿಂದ ತೆಗೆದ ಪಿಆರ್‌ಎಫ್ ಪೊರೆಯನ್ನು ಅದರ ಬದಲು ಬಳಸುವುದು ನಮ್ಮ ಚಿಕಿತ್ಸಾಲಯಗಳಲ್ಲಿ ಈಗ ಸಾಮಾನ್ಯ. ಅಂಗುಳಿನ ಗಾಯ ತಪ್ಪುತ್ತದೆ, ಮಾಯುವುದು ಸುಖವಾಗಿರುತ್ತದೆ. ಆದರೆ ದಪ್ಪ ಹೆಚ್ಚಿಸುವುದರಲ್ಲಿ ಅದು ಅಂಗುಳಿನ ಕಸಿಗೆ ಸಮ ಅಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಎರಡರ ಫಲಿತಾಂಶವೂ ಕುಗ್ಗುತ್ತದೆ. ಇದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ರೋಗಿಗೆ ಹೇಳಬೇಕು.

ಕ್ಯಾಪಿನ ವಿಷಯ ಚಿಕ್ಕದು. ಒಳಗೆ ಲೋಹ, ಹೊರಗೆ ಸೆರಾಮಿಕ್ ಇರುವ ಕ್ಯಾಪಿನ ಅಂಚನ್ನು ತೆಳು ವಸಡಿನ ಕೆಳಗೆ ತಳ್ಳಿದರೆ ನೀಲಿಬೂದು ನೆರಳು ಹೊರಗೆ ಕಾಣುತ್ತದೆ. ವಸಡು ಸರಿದರೆ ಅಂಚೇ ಕಾಣುತ್ತದೆ. ಮುಂಬಲ್ಲಾದರೆ ಜಿರ್ಕೋನಿಯಾ ಮುಂತಾದ ಲೋಹವಿಲ್ಲದ ಕ್ಯಾಪು, ಅಂಚು ವಸಡಿನ ಮೇಲ್ಗಡೆಯೇ, ಎಂದರೆ ಮುಗಿಯಿತು. ಇಲ್ಲಿ ದಪ್ಪ ವಸಡು ತೊಂದರೆ ಕೊಡುವ ಒಂದು ಸಂದರ್ಭವೂ ಇದೆ. ಮುರಿದ ಹಲ್ಲಿಗೆ ಕ್ಯಾಪ್ ಕೂರಿಸಲು ಸುತ್ತಲಿನ ವಸಡನ್ನೂ ಮೂಳೆಯನ್ನೂ ತಗ್ಗಿಸುತ್ತಾರೆ. ಒಂದು ವರ್ಷ ಬಿಟ್ಟು ನೋಡಿದರೆ ವಸಡು ಮತ್ತೆ ಮೇಲೆ ಬೆಳೆದಿರುತ್ತದೆ, ದಪ್ಪ ವಸಡಿನವರಲ್ಲಿ ಹೆಚ್ಚು. 2001ರಲ್ಲಿ ಪೊಂಟೋರಿಯೆರೊ ಮತ್ತು ಕಾರ್ನೆವಾಲೆ ಇದನ್ನು ಅಳೆದು ತೋರಿಸಿದರು. ಅವಸರದಲ್ಲಿ ಅಂತಿಮ ಕ್ಯಾಪ್ ಕೂರಿಸಿದರೆ ಲೆಕ್ಕ ತಪ್ಪುತ್ತದೆ.

ಹಣವೂ ವಾದವೂ ಹೆಚ್ಚಿರುವುದು ಇಂಪ್ಲಾಂಟಿನಲ್ಲಿ. ಇಲ್ಲಿ ಎರಡು ಬೇರೆ ಬೇರೆ ದಪ್ಪಗಳಿವೆ, ಅವನ್ನು ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ. ಒಂದು, ಮೊದಲು ಹೇಳಿದ ಹೊರಮೈಯ ದಪ್ಪ. ಇನ್ನೊಂದು, ಹಲ್ಲು ಕಿತ್ತ ಮೇಲೆ ದವಡೆಯ ದಿಣ್ಣೆಯ ನೆತ್ತಿಯ ಮೇಲೆ ಮೂಳೆವರೆಗೆ ಇರುವ ಲಂಬ ದಪ್ಪ. ಲಿಥುವೇನಿಯಾದ ಲಿಂಕೆವಿಚಿಯಸ್ 2009ರಲ್ಲಿ ಅಳೆದದ್ದು ಈ ಎರಡನೆಯದನ್ನು. 19 ರೋಗಿಗಳಲ್ಲಿ 46 ಇಂಪ್ಲಾಂಟುಗಳನ್ನು ಒಂದು ವರ್ಷ ಗಮನಿಸಿದ ಆ ಅಧ್ಯಯನದಲ್ಲಿ, ನೆತ್ತಿಯ ವಸಡು 2 ಮಿ.ಮೀ. ಅಥವಾ ಕಡಿಮೆ ಇದ್ದಲ್ಲಿ ಇಂಪ್ಲಾಂಟಿನ ಕತ್ತಿನ ಸುತ್ತ ಮೂಳೆ 1.45 ಮಿ.ಮೀ.ವರೆಗೆ ಕರಗಿತು, ದಪ್ಪವಿದ್ದಲ್ಲಿ ನಷ್ಟ ತೀರಾ ಕಡಿಮೆ. ಕಾರಣದ ಸುಳಿವು 1996ರಲ್ಲೇ ಬೆರ್ಗ್‌ಲುಂಡ್ ಮತ್ತು ಲಿಂಧೆ ನಾಯಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ಇತ್ತು. ಬಾಯಿಯ ಕೊಳೆ ಒಳಗಿಳಿಯದಂತೆ ಇಂಪ್ಲಾಂಟಿನ ಸುತ್ತ ದೇಹ ಮೃದು ಅಂಗಾಂಶದ ಒಂದು ಕಟ್ಟು ಕಟ್ಟಿಕೊಳ್ಳುತ್ತದೆ. ಅದಕ್ಕೆ ಇಷ್ಟು ಎತ್ತರ ಎಂಬುದುಂಟು. ಎತ್ತರ ಸಾಲದಿದ್ದರೆ ಮೂಳೆಯನ್ನು ಕರಗಿಸಿ ಜಾಗ ಮಾಡಿಕೊಳ್ಳುತ್ತದೆ.

ಹಾಗೆಂದು ಈ ಮಾತನ್ನು ಎಲ್ಲರೂ ಒಪ್ಪಿಲ್ಲ. ಸ್ಪೇನಿನ ಗಾಲಿಂಡೋ ಮೊರೆನೋ ತಂಡ 2014ರಲ್ಲಿ ಬೇರೆ ಕಡೆಗೆ ಗಮನ ಸೆಳೆಯಿತು. ಇಂಪ್ಲಾಂಟಿಗೂ ಕ್ಯಾಪಿಗೂ ನಡುವೆ ಕೂರಿಸುವ ಅಬಟ್‌ಮೆಂಟ್ 2 ಮಿ.ಮೀ.ಗಿಂತ ಗಿಡ್ಡ ಇದ್ದರೆ ಮೂಳೆ ಹೆಚ್ಚು ಕರಗುತ್ತದೆ. ತೆಳು ವಸಡಿನಲ್ಲಿ ಗಿಡ್ಡ ಅಬಟ್‌ಮೆಂಟನ್ನೇ ಹಾಕುತ್ತಾರೆ. ಹಾಗಾದರೆ ನಷ್ಟಕ್ಕೆ ಕಾರಣ ವಸಡೋ, ಆರಿಸಿದ ಭಾಗವೋ? ನನ್ನ ಮಟ್ಟಿಗೆ ಎರಡನೆಯ ವಾದವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ವಸಡನ್ನು ಬದಲಿಸುವುದಕ್ಕಿಂತ ಭಾಗವನ್ನು ಬದಲಿಸುವುದು ಸುಲಭ. ಎರಡು ವಾದಗಳೂ ರೋಗಿಯ ದೃಷ್ಟಿಯಿಂದ ಒಂದೇ ಕಡೆ ಬಂದು ಸೇರುತ್ತವೆ: ತೆಳುವೆಂದು ಮೊದಲೇ ಗೊತ್ತಿದ್ದರೆ ವೈದ್ಯರು ಇಂಪ್ಲಾಂಟನ್ನು ಸ್ವಲ್ಪ ಆಳಕ್ಕೆ ಇಳಿಸಿ ಎತ್ತರದ ಅಬಟ್‌ಮೆಂಟ್ ಹಾಕಬಹುದು, ಅಥವಾ ವಸಡನ್ನೇ ದಪ್ಪ ಮಾಡಬಹುದು. ಗೊತ್ತಿಲ್ಲದಿದ್ದರೆ ಎರಡೂ ಇಲ್ಲ.

ಮುಂಬಲ್ಲು ಕಿತ್ತ ದಿನವೇ ಇಂಪ್ಲಾಂಟ್ ಹಾಕಿಸಿಕೊಳ್ಳುವ ಆಸೆ ಈಗ ಬಹಳ ಜನರಿಗಿದೆ. ಮದುವೆ ಹತ್ತಿರ ಬಂದಿರುತ್ತದೆ, ಕೆಲಸಕ್ಕೆ ರಜೆ ಇರುವುದಿಲ್ಲ. ಆದರೆ ಮೇಲ್ದವಡೆಯ ಮುಂಬಲ್ಲಿನ ಹೊರಗೋಡೆಯ ಮೂಳೆ ಬಹುತೇಕರಲ್ಲಿ ಒಂದು ಮಿಲಿಮೀಟರಿಗಿಂತ ತೆಳು. ಹಲ್ಲು ಕಿತ್ತ ಮೇಲೆ ಅದು ಕರಗುತ್ತದೆ ಎಂದು ಅರಾವುಜೊ ಮತ್ತು ಲಿಂಧೆ 2005ರಲ್ಲಿ ನಾಯಿಗಳಲ್ಲಿ ತೋರಿಸಿದರು. ಇಂಪ್ಲಾಂಟ್ ಹಾಕಿದ ಮಾತ್ರಕ್ಕೆ ಈ ಕರಗುವಿಕೆ ನಿಲ್ಲುವುದಿಲ್ಲ. ಮೇಲಿನ ವಸಡೂ ತೆಳುವಾಗಿದ್ದರೆ ಅದೂ ಮೂಳೆಯ ಹಿಂದೆ ಸರಿಯುತ್ತದೆ, ಪಕ್ಕದ ಹಲ್ಲಿಗಿಂತ ಹೊಸ ಹಲ್ಲು ಉದ್ದವಾಗಿ ಕಾಣುತ್ತದೆ. ಬಣ್ಣದ ಪ್ರಶ್ನೆ ಬೇರೆ. ಜ್ಯೂರಿಕ್‌ನಲ್ಲಿ ಯೂಂಗ್ ಮತ್ತು ಸಂಗಡಿಗರು 2007ರಲ್ಲಿ ಹಂದಿಯ ದವಡೆಯಲ್ಲಿ ಪರೀಕ್ಷಿಸಿದಾಗ, ವಸಡು 3 ಮಿ.ಮೀ. ಇದ್ದರೆ ಕೆಳಗೆ ಟೈಟೇನಿಯಂ ಇದ್ದರೂ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ, 2 ಮಿ.ಮೀ. ಇದ್ದಾಗ ಜಿರ್ಕೋನಿಯಾಕ್ಕೆ ಮಾತ್ರ ಆ ಭಾಗ್ಯ. ತೆಳು ವಸಡಿರುವವರು ಆ ದಿನವೇ ಎನ್ನದೆ ಕಾಯುವುದು, ಅಥವಾ ಜತೆಗೆ ಕಸಿಯನ್ನೂ ಮಾಡಿಸುವುದು, ನನಗೆ ಸರಿಯೆನಿಸುವ ದಾರಿ.

ಈ ಅಂಕಿಗಳನ್ನೆಲ್ಲ ಎದುರಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಲೀನಿಂಗಿಗೆ ಒಂದೂವರೆ, ಬೇರು ಮುಚ್ಚಲು 0.8, ಇಂಪ್ಲಾಂಟಿನ ನೆತ್ತಿಗೆ 2, ಬಣ್ಣಕ್ಕೆ 3. ಷಿಕಾಗೋದ ಒಂದು ಮಿಲಿಮೀಟರ್ ಇವುಗಳ ನಡುವೆ ಎಲ್ಲೋ ಬರುತ್ತದೆ. "ನಿಮ್ಮದು ತೆಳು" ಎಂಬ ಒಂದೇ ಚೀಟಿ ಅಂಟಿಸಿ ಎಲ್ಲ ಚಿಕಿತ್ಸೆಗೂ ಅದನ್ನೇ ನಂಬುವುದು ತಪ್ಪು. ಯಾವ ಹಲ್ಲು, ಯಾವ ಜಾಗ, ಯಾವ ಕೆಲಸ ಎಂದು ನೋಡಿ ಅಳೆಯಬೇಕು. ಒಬ್ಬರ ಬಾಯಲ್ಲೇ ಮೇಲ್ಗಡೆ ದಪ್ಪ, ಕೆಳಗಡೆ ತೆಳು ಇರುತ್ತದೆ. ಇವುಗಳಲ್ಲಿ ಹೆಚ್ಚಿನ ಅಧ್ಯಯನಗಳ ದೊಡ್ಡ ಕೊರತೆ ಅವುಗಳ ಗಾತ್ರ. ಹತ್ತಿಪ್ಪತ್ತು ರೋಗಿಗಳು, ಒಂದೆರಡು ವರ್ಷ, ಬಹುಪಾಲು ಮೇಲ್ಗಡೆಯ ಮುಂಬಲ್ಲುಗಳು.

ಈ ಕೊರತೆ ತುಂಬಲು ಥಾಣೆ ಜಿಲ್ಲೆ ಮತ್ತು ನವಿಮುಂಬಯಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನೆರೂಲ್‌ನಲ್ಲಿ ಡಿ.ವೈ. ಪಾಟೀಲ್ ಮತ್ತು ಟೆರ್ನಾ, ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರ್‌ಘರ್‌ನಲ್ಲಿ ಯೆರಳಾ, ಕಾಮೋಠೆಯಲ್ಲಿ ಎಂಜಿಎಂ: ಒಂದೇ ರೈಲು ಮಾರ್ಗದ ಗುಂಟ ಐದು ದಂತ ಕಾಲೇಜುಗಳು. ಕಲ್ಯಾಣ್, ಡೊಂಬಿವಲಿಯವರು ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್‌ಹಾರ್ಬರ್ ಲೈನ್ ಹಿಡಿದರೆ ತಲುಪಬಹುದು. ಖಾಸಗಿ ಚಿಕಿತ್ಸಾಲಯಕ್ಕಿಂತ ಖರ್ಚು ಕಡಿಮೆ, ವಸಡಿನ ವಿಭಾಗವೇ ಪ್ರತ್ಯೇಕ. ಮರಾಠಿ, ಕನ್ನಡ, ತುಳು, ಗುಜರಾತಿ, ಹಿಂದಿ ಮಾತಾಡುವ ಎಲ್ಲ ಊರಿನ ಬಾಯಿಗಳೂ ಆ ಕುರ್ಚಿಗಳಿಗೆ ಬರುತ್ತವೆ. ಐದೂ ಕಡೆಯ ಕೇಸ್ ಪೇಪರಿನಲ್ಲಿ ಹಲ್ಲಿನ ಸಂಖ್ಯೆಯ ಪಕ್ಕ ವಸಡಿನ ದಪ್ಪಕ್ಕೊಂದು ಮನೆ ಒಂದೇ ರೀತಿಯಲ್ಲಿ ಇಟ್ಟು ಹತ್ತು ವರ್ಷ ತುಂಬಿದರೆ, ಯುರೋಪಿನ ಯಾವ ಅಧ್ಯಯನವೂ ಕೊಡದ ಉತ್ತರ ಇಲ್ಲಿಂದ ಸಿಗುತ್ತದೆ.

ಇಲ್ಲಿನ ಕನ್ನಡಿಗರು ವಸಡಿನ ದಪ್ಪವನ್ನು ಬರೆಸಿಟ್ಟುಕೊಳ್ಳಲು ಬೇರೊಂದು ಕಾರಣವೂ ಇದೆ. ನಮ್ಮಲ್ಲಿ ಬಹಳ ಜನ ಅರ್ಧ ಚಿಕಿತ್ಸೆ ಇಲ್ಲಿ, ಅರ್ಧ ಊರಿನಲ್ಲಿ ಮಾಡಿಸುತ್ತಾರೆ. ಹೋಟೆಲಿನ ಕೆಲಸದ ನಡುವೆ ನೋವು ಬಂದಾಗ ಡೊಂಬಿವಲಿಯಲ್ಲಿ ರೂಟ್ ಕೆನಾಲ್, ಮೇ ತಿಂಗಳಲ್ಲಿ ಊರಿಗೆ ಹೋದಾಗ ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ಕ್ಯಾಪು. ಎಕ್ಸ್‌ರೇ ಜತೆಗೆ ಹೋಗುತ್ತದೆ. ವಸಡಿನ ಅಳತೆ ಹೋಗುವುದಿಲ್ಲ. ಅದನ್ನು ಚೀಟಿಯ ಮೇಲೆ ಬರೆಸಿಕೊಳ್ಳುವುದು ರೋಗಿಯ ಹಕ್ಕು. "ಡಾಕ್ಟ್ರೇ, ಈ ಹಲ್ಲಿನ ಹತ್ತಿರ ವಸಡು ತೆಳುವೋ ದಪ್ಪವೋ, ನೋಡಿ ಬರೆದುಕೊಡಿ" ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರ ಪಡುವುದಿಲ್ಲ.

ಚಿಕಿತ್ಸೆಗಳಲ್ಲಿ ಕೊನೆಯದಾಗಿ ಒಂದು ಉಳಿಯಿತು: ಹಲ್ಲು ಸಾಲು ಮಾಡುವ ತಂತಿ ಮತ್ತು ಅಲೈನರ್. ಇಕ್ಕಟ್ಟಾದ ಕೆಳಮುಂಬಲ್ಲುಗಳನ್ನು ಸಾಲು ಮಾಡಲು ಅವನ್ನು ತುಟಿಯ ಕಡೆಗೆ ವಾಲಿಸುತ್ತಾರೆ. ಹಲ್ಲು ಹೊರಗೆ ಸರಿದಷ್ಟೂ ಅದರ ಮುಂದಿನ ಮೂಳೆ, ವಸಡು ತೆಳುವಾಗುತ್ತವೆ. ಸ್ವೀಡನ್ನಿನ ವೆನ್‌ಸ್ಟ್ರಾಮ್ 1987ರಲ್ಲಿ ಕೋತಿಗಳಲ್ಲಿ ಕಂಡದ್ದು, ವಸಡು ಎಷ್ಟು ಅಗಲ ಎಂಬುದಕ್ಕಿಂತ ಎಷ್ಟು ದಪ್ಪ ಎಂಬುದು ಇಲ್ಲಿ ಮುಖ್ಯ ಎಂದು. ಬ್ರೆಜಿಲಿನ 2006ರ ಅಧ್ಯಯನವೊಂದು ಚಿಕಿತ್ಸೆ ಮುಗಿಸಿದವರ ಕೆಳಮುಂಬಲ್ಲುಗಳನ್ನು ನೋಡಿ, ಹಲ್ಲು ಹೆಚ್ಚು ಹೊರವಾಲಿ, ವಸಡಿನ ಅಂಚು ಅರ್ಧ ಮಿಲಿಮೀಟರಿಗಿಂತ ತೆಳುವಾಗಿದ್ದವರಲ್ಲಿ ವಸಡು ಸರಿದದ್ದು ಹೆಚ್ಚು ಎಂದಿತು. ಹಾಗಾದರೆ ತೆಳು ವಸಡಿರುವ ಹದಿನೆಂಟು ಇಪ್ಪತ್ತರ ಮಕ್ಕಳಿಗೆ ಅಲೈನರ್ ಹಾಕುವ ಮೊದಲೇ ಕಸಿ ಮಾಡಿ ದಪ್ಪ ಮಾಡಬೇಕೇ? ಅಮೆರಿಕದ ವಸಡು ತಜ್ಞರ ಅಕಾಡೆಮಿ 2020ರಲ್ಲಿ ಲಭ್ಯವಿರುವ ಪುರಾವೆ ಸೋಸಿ, ಪ್ರಯೋಜನ ಇರಬಹುದು, ಆದರೆ ಆಧಾರ ಇನ್ನೂ ಸೀಮಿತ ಎಂದಿತು. ಪರವಾಗಿರುವ ಬಲವಾದ ಸಾಕ್ಷಿ ಇಟಲಿಯಿಂದ ಬಂದದ್ದು: ಅಗೂದಿಯೊ ಮತ್ತು ಸಂಗಡಿಗರು ಒಂದು ಬದಿಗೆ ಮಾತ್ರ ಕಸಿ ಮಾಡಿಸಿಕೊಂಡವರನ್ನು 18ರಿಂದ 35 ವರ್ಷ ಗಮನಿಸಿದರು. ಕಸಿಯಾದ ಕಡೆ ವಸಡು ನಿಂತಿತು, ಹಲವರಲ್ಲಿ ಇನ್ನಷ್ಟು ಮೇಲೂ ಬಂದಿತು. ಮುಟ್ಟದೆ ಬಿಟ್ಟ ಬದಿಯಲ್ಲಿ ಅರ್ಧದಷ್ಟು ಕಡೆ ಇನ್ನಷ್ಟು ಸರಿಯಿತು. ಅದು ಹಲ್ಲು ಸಾಲು ಮಾಡಿಸುವುದರ ಬಗೆಗಿನ ಅಧ್ಯಯನವಲ್ಲ, ನಿಜ. ಆದರೂ ಇಷ್ಟು ದೀರ್ಘ ಕಾಲ ನೋಡಿದವರು ವಿರಳ. ಎಲ್ಲ ತೆಳು ವಸಡಿಗೂ ಮುಂಚಿತ ಕಸಿ ಎಂದು ನಾನು ಹೇಳಲಾರೆ. ಹಲ್ಲು ಹೊರಗೆ ವಾಲಲೇಬೇಕು, ಪ್ರೋಬ್ ವಸಡಿನ ಮೂಲಕ ಕಾಣುತ್ತದೆ, ಬೇರಿನ ಉಬ್ಬು ಬೆರಳಿಗೆ ತಗಲುತ್ತದೆ: ಮೂರೂ ಸೇರಿದಲ್ಲಿ ಮೊದಲು ವಸಡಿನ ತಜ್ಞರಿಗೆ ತೋರಿಸಿ, ಆಮೇಲೆ ಅಲೈನರ್‌ಗೆ ಅಳತೆ ಕೊಡಿ. ಉಳಿದವರಲ್ಲಿ ಚಿಕಿತ್ಸೆಯ ಮೊದಲು ಒಂದು ಫೋಟೋ, ಮೂರು ತಿಂಗಳಿಗೊಮ್ಮೆ ಅದೇ ಕೋನದಲ್ಲಿ ಇನ್ನೊಂದು. ವಸಡಿನ ಅಂಚು ಕೆಳಗಿಳಿಯುವುದು ಕಂಡ ತಕ್ಷಣ ಹಲ್ಲು ಸರಿಸುವುದನ್ನು ನಿಲ್ಲಿಸಬೇಕು.